ತೂಕ, ಸುಣ್ಣ, ಋತು

ಹಲ್ಲಿಯ ನುಡಿಗೆ ಬೆಲೆ ಕೊಟ್ಟು ಬೆಳೆದ ಜನ ನಾವು. ಹಿರಿಯರು ಮಾತಾಡುತ್ತಿರುವಾಗ ಗೋಡೆಯ ಮೇಲಿನ ಹಲ್ಲಿ ಲೊಚಗುಟ್ಟಿದರೆ, ಆಡಿದ ಮಾತು ಸತ್ಯವೆಂದು ನೆಲಕ್ಕೆ ಬೆರಳು ತಟ್ಟುತ್ತಿದ್ದರು. ಹಲ್ಲಿ ಮೈಯ ಯಾವ ಭಾಗದ ಮೇಲೆ ಬಿದ್ದರೆ ಯಾವ ಫಲವೆಂಬ ಪಟ್ಟಿ ಪಂಚಾಂಗಗಳಲ್ಲಿ ಇಂದಿಗೂ ಅಚ್ಚಾಗುತ್ತದೆ. ಪುಣೆಗೆ ಬಂದು ನೆಲೆಸಿದ ಮೇಲೆ ಮರಾಠಿಯ ಹಲ್ಲಿ ಬೇರೆ ಮಾತನ್ನು ಆಡುತ್ತದೆಂದು ತಿಳಿಯಿತು. ಇಲ್ಲಿ ಯಾರ ಮನಸ್ಸಿನಲ್ಲಾದರೂ ಅನುಮಾನ ಸುಳಿದರೆ ‘ಶಂಕೆಯ ಪಾಲ್ ಚುಕಚುಕಿಸಿತು’ ಎನ್ನುತ್ತಾರೆ. ಪಾಲ್ ಎಂದರೆ ಹಲ್ಲಿ. ಕನ್ನಡದ ಹಲ್ಲಿ ಹೌದೆನ್ನುತ್ತದೆ, ಮರಾಠಿಯ ಹಲ್ಲಿ ಇರು ಎನ್ನುತ್ತದೆ. ಸ್ವಾರಗೇಟದ ನಮ್ಮ ಮನೆಯಲ್ಲಿ ಎರಡು ಸಾಕುಹಲ್ಲಿಗಳನ್ನು ಜೋಡಿ ಮಾಡಬೇಕೇ, ಮಾಡುವುದಾದರೆ ಯಾವಾಗ ಎಂಬ ಪ್ರಶ್ನೆ ಎದ್ದಾಗ, ಒಂದೂವರೆ ವರ್ಷ ನಾವು ಮರಾಠಿಯ ಹಲ್ಲಿಯ ಮಾತನ್ನೇ ಕೇಳಿದೆವು. ಆ ಕಾಯುವಿಕೆಯಲ್ಲಿ ತಿಳಿದ ಸಂಗತಿಗಳನ್ನು ಬಳಗದ ಓದುಗರ ಮುಂದಿಡಬೇಕೆನಿಸಿದೆ.

ಮೊದಲು ಈ ಪ್ರಾಣಿಯ ಪರಿಚಯ. ಇದರ ಇಂಗ್ಲಿಷ್ ಹೆಸರು ಕ್ರೆಸ್ಟೆಡ್ ಗೆಕೊ. ಕಣ್ಣಿನ ಮೇಲ್ಭಾಗದಿಂದ ಹೊರಟು ಹೆಗಲಿನವರೆಗೆ ಮೆತ್ತನೆಯ ಮುಳ್ಳುಗಳ ಎರಡು ಸಾಲುಗಳಿವೆ. ಕಣ್ಣಿನ ಬಳಿ ಅವು ರೆಪ್ಪೆಗೂದಲಿನಂತೆ ಕಾಣುತ್ತವೆ. ಅದಕ್ಕೆಂದೇ ವಿಜ್ಞಾನಿಗಳು ಇದಕ್ಕೆ ರೆಪ್ಪೆಗೂದಲುಳ್ಳದ್ದು ಎಂಬರ್ಥದ ‘ಸಿಲಿಯೇಟಸ್’ ಎಂಬ ಹೆಸರಿಟ್ಟರು. ನಾವು ಮನೆಯಲ್ಲಿ ರೆಪ್ಪೆಹಲ್ಲಿ ಎನ್ನುತ್ತೇವೆ. ವಿನೋದವೆಂದರೆ, ಮುಚ್ಚಿ ತೆರೆಯುವ ರೆಪ್ಪೆಯೇ ಇದಕ್ಕಿಲ್ಲ. ಕಣ್ಣಿಗೆ ಧೂಳು ಬಿದ್ದರೆ ನಾಲಿಗೆಯಿಂದ ನೆಕ್ಕಿ ಒರೆಸಿಕೊಳ್ಳುತ್ತದೆ. ಇದರ ತವರು ಆಸ್ಟ್ರೇಲಿಯಾದ ಪೂರ್ವಕ್ಕಿರುವ ನ್ಯೂ ಕ್ಯಾಲೆಡೋನಿಯಾ ದ್ವೀಪ. ಫ್ರೆಂಚ್ ವಿಜ್ಞಾನಿ ಆಲ್ಫೋನ್ಸ್ ಗಿಶನೊ 1866ರಲ್ಲಿ ಇದನ್ನು ಮೊದಲು ವರ್ಣಿಸಿದನು. ಬಳಿಕ ದೀರ್ಘಕಾಲ ಇದು ಯಾರ ಕಣ್ಣಿಗೂ ಬೀಳದೆ ಅಳಿದುಹೋಯಿತೆಂದೇ ಭಾವಿಸಲಾಗಿತ್ತು. 1994ರಲ್ಲಿ ಮತ್ತೆ ಪತ್ತೆಯಾಯಿತು. ಇಂದು ಲೋಕದ ಮನೆಮನೆಗಳಲ್ಲಿ ಇರುವ ರೆಪ್ಪೆಹಲ್ಲಿಗಳು ಆ ದಶಕದಲ್ಲಿ ದ್ವೀಪದಿಂದ ಹೊರಬಂದ ಕೆಲವೇ ಜೀವಿಗಳ ವಂಶದವು. ಅಂದರೆ ಇದರ ಸಂತಾನ ಬೆಳೆದದ್ದು ಮನುಷ್ಯರ ಮನೆಯೊಳಗೆ, ಮನುಷ್ಯರ ಇಚ್ಛೆಯಂತೆ. ಈ ಪ್ರಬಂಧದ ವಿಷಯವೂ ಆ ಇಚ್ಛೆಯೇ.

ನಮ್ಮಲ್ಲಿಗೆ ಎರಡು ಮರಿಗಳು ಬಂದದ್ದು 2022ರ ನವೆಂಬರಿನಲ್ಲಿ. ಮಾರಿದವರು ಎರಡೂ ಹೆಣ್ಣು, ಮೂರು ತಿಂಗಳಿನವು ಎಂದಿದ್ದರು. ಒಂದೊಂದರ ತೂಕ ಆಗ 4 ಗ್ರಾಂ. ಕೈಯಲ್ಲಿ ಹಿಡಿದರೆ ಒಣ ಎಲೆಯೊಂದು ಕೂತಂತೆ ಇತ್ತು. ಬಣ್ಣ ನೋಡಿ ಮಗಳು ಒಂದಕ್ಕೆ ಬೆಲ್ಲ ಎಂದೂ ಇನ್ನೊಂದಕ್ಕೆ ಹುಣಸೆ ಎಂದೂ ಹೆಸರಿಟ್ಟಳು. ಅಷ್ಟು ಚಿಕ್ಕ ಮರಿಗಳಲ್ಲಿ ಗಂಡು ಹೆಣ್ಣು ತಿಳಿಯುವುದು ಕಷ್ಟವೆಂದು ಓದಿದ್ದೆವಾದ್ದರಿಂದ ಮೊದಲ ದಿನದಿಂದಲೇ ಎರಡನ್ನೂ ಬೇರೆ ಬೇರೆ ಗಾಜಿನ ಪೆಟ್ಟಿಗೆಗಳಲ್ಲಿ ಇಟ್ಟೆವು. ಹಿಂಗಾಲುಗಳ ನಡುವೆ, ಬಾಲದ ಬುಡಕ್ಕೆ ಸ್ವಲ್ಪ ಮೇಲೆ, ಗಂಡಿಗೆ ಸೂಜಿಮೊನೆಯಷ್ಟು ಸಣ್ಣ ರಂಧ್ರಗಳ ಸಾಲುಗಳು ಮೂಡುತ್ತವೆ. ಮುಂದೆ ಬಾಲದ ಬುಡದಲ್ಲಿ ಉಬ್ಬು ಕಾಣಿಸಿಕೊಳ್ಳುತ್ತದೆ. ಅಕ್ಕಸಾಲಿಗರು ಕಣ್ಣಿಗೆ ಸಿಕ್ಕಿಸಿಕೊಳ್ಳುವಂಥ ಮಸೂರವೊಂದನ್ನು ತಂದು ತಿಂಗಳಿಗೊಮ್ಮೆ ನೋಡುತ್ತಿದ್ದೆವು. ಒಂಬತ್ತನೆಯ ತಿಂಗಳಲ್ಲಿ ಹುಣಸೆಯ ರಂಧ್ರಗಳು ಸ್ಪಷ್ಟವಾದವು, ಆಮೇಲೆ ಉಬ್ಬೂ ಬಂತು. ಬೆಲ್ಲಕ್ಕೆ ಎರಡೂ ಬರಲಿಲ್ಲ. ಎರಡು ಹೆಣ್ಣು ಎಂದು ಬಂದವು ಒಂದು ಗಂಡು, ಒಂದು ಹೆಣ್ಣು ಆದವು. ಪ್ರಶ್ನೆ ಅಲ್ಲಿಂದ ಹುಟ್ಟಿತು.

ಗಂಡು ಒಂದು ವರ್ಷದೊಳಗೇ ಸಿದ್ಧನಾಗುತ್ತಾನೆ. ಅವನ ಸಿದ್ಧತೆಯಲ್ಲಿ ಪ್ರಾಣಾಪಾಯ ಕಡಿಮೆ. ಹೆಣ್ಣಿನ ಮಾತು ಹಾಗಲ್ಲ. ಇನ್ನೂ ಬೆಳೆಯುತ್ತಿರುವ ಹೆಣ್ಣಿನ ಜೊತೆ ಗಂಡನ್ನು ಬಿಟ್ಟರೂ ಅವು ಕೂಡುತ್ತವೆ, ಅವಳು ಮೊಟ್ಟೆಯನ್ನೂ ಇಡಬಹುದು. ತನ್ನ ಎಲುಬಿಗೆ ಸೇರಬೇಕಾದ ಸುಣ್ಣದಂಶವನ್ನು ಮೊಟ್ಟೆಗೆ ಕೊಡುತ್ತಾಳೆ, ತನ್ನ ಬೆಳವಣಿಗೆಗೆ ಬೇಕಾದ ಕೊಬ್ಬನ್ನು ಅರಿಶಿನಲೋಳೆಗೆ ಸುರಿಯುತ್ತಾಳೆ. ದೇಹ ಬೇಡವೆನ್ನುವುದಿಲ್ಲ. ದೇಹಕ್ಕೆ ಸಾಧ್ಯವಾಗುವ ದಿನ ಮೊದಲು ಬರುತ್ತದೆ, ದೇಹಕ್ಕೆ ಹಾನಿಯಿಲ್ಲದ ದಿನ ಬಹಳ ತಡವಾಗಿ ಬರುತ್ತದೆ. ಸಾಕುವವರ ವಿವೇಕವೆಲ್ಲ ಈ ಎರಡು ದಿನಗಳ ನಡುವಣ ಅವಧಿಯಲ್ಲಿ ಪರೀಕ್ಷೆಗೆ ಒಳಗಾಗುತ್ತದೆ.

ಇದನ್ನು ನಮ್ಮ ಮನೆಯಲ್ಲಿ ಎಲ್ಲರಿಗಿಂತ ಮೊದಲು ಅರಿತವರು ಅವ್ವ. ಗದಗ ಜಿಲ್ಲೆಯ ಹಳ್ಳಿಯಲ್ಲಿ ದನ ಕಟ್ಟಿ ಬಾಳಿದವರು. ಹಲ್ಲಿಯನ್ನು ಪೆಟ್ಟಿಗೆಯಲ್ಲಿ ಸಾಕುವುದು ಅವರಿಗೆ ನಗುವಿನ ವಿಷಯ. ಆದರೂ ಮೊಮ್ಮಗಳು ಮರಿ ಯಾವಾಗ ಆಗುತ್ತವೆಂದು ಪೀಡಿಸಿದಾಗ ಅವರು ಗಂಭೀರವಾಗಿಯೇ ಹೇಳಿದರು: “ಮೊದಲನೇ ಬೆದಿಗೇ ಮಣಕಕ್ಕ ಹೋರಿ ಬಿಡ್ತಾರೇನವ್ವಾ? ಮೈ ತುಂಬಬೇಕು, ಎಲುಬು ಬಲೀಬೇಕು. ಆಮ್ಯಾಲ ನೋಡೋಣು.” ಮಿಶ್ರತಳಿಯ ಮಣಕ ಸುಮಾರು 250 ಕಿಲೊ ತೂಗುವವರೆಗೆ ಗರ್ಭ ಕಟ್ಟಿಸಬೇಡಿರೆಂದು ಪಶುವೈದ್ಯರು ರೈತರಿಗೆ ಹೇಳುವುದೂ ಇದನ್ನೇ. ಬೆದೆ ಒಂದು ಸೂಚನೆ ಮಾತ್ರ, ತೂಕ ಸಾಕ್ಷಿ. 250 ಕಿಲೊ ಮಣಕಕ್ಕೂ 40 ಗ್ರಾಂ ಹಲ್ಲಿಗೂ ಅಜಗಜಾಂತರವಿದ್ದರೂ ನಿಯಮ ಒಂದೇ.

ಮನುಷ್ಯರ ಪ್ರಪಂಚದಲ್ಲಿ ಈ ನಿಯಮ ಸುಲಭವಾಗಿ ನೆಲೆಗೊಳ್ಳಲಿಲ್ಲವೆಂಬುದು ಪುಣೆಯಲ್ಲಿ ವಾಸಿಸುವವರಿಗೆ ನೆನಪಾಗದೆ ಇರದು. ದಾಂಪತ್ಯಕ್ಕೆ ಹುಡುಗಿಯ ಕನಿಷ್ಠ ವಯಸ್ಸನ್ನು 10ರಿಂದ 12ಕ್ಕೆ ಏರಿಸುವ ಕಾಯ್ದೆ 1891ರಲ್ಲಿ ಬಂದಾಗ ಈ ಊರು ಇಬ್ಭಾಗವಾಗಿ ನಿಂತಿತ್ತು. ‘ಕೇಸರಿ’ಯಲ್ಲಿ ತಿಲಕರು ಅದನ್ನು ವಿರೋಧಿಸಿದರು, ‘ಸುಧಾರಕ’ದಲ್ಲಿ ಅಗರಕರರು ಬೆಂಬಲಿಸಿದರು. ಎರಡು ವರ್ಷದ ಏರಿಕೆಗೆ ಅಷ್ಟು ದೊಡ್ಡ ವಾದ. ಮನುಷ್ಯಳ ಮಾನವನ್ನೂ ಸಮ್ಮತಿಯನ್ನೂ ಒಂದು ಸಾಕುಪ್ರಾಣಿಯ ಪಕ್ಕದಲ್ಲಿಟ್ಟು ತೂಗುವ ಉದ್ದೇಶ ನಮಗಿಲ್ಲ, ಅದು ಸಲ್ಲದು. ಒಂದೇ ಒಂದು ಮಾತಿಗಾಗಿ ಈ ಪ್ರಸ್ತಾಪ: ಮೈ ತೋರುವ ಮೊದಲ ಸೂಚನೆಯನ್ನೇ ಪಕ್ವತೆಯೆಂದು ಓದುವ ಆತುರ ಹೊಸದಲ್ಲ, ಮತ್ತು ಆ ಆತುರದ ಬೆಲೆಯನ್ನು ತೆರುವವರು ಯಾವಾಗಲೂ ಬೇರೆಯವರು.

ಸಾಕುವವರ ನಡುವೆ ರೆಪ್ಪೆಹಲ್ಲಿಯ ಹೆಣ್ಣಿಗೆ ಎರಡು ಅಳತೆಗಳು ರೂಢಿಯಲ್ಲಿವೆ. ವಯಸ್ಸು 18 ತಿಂಗಳಿಗೆ ಕಡಿಮೆಯಿರಬಾರದು. ತೂಕ 35 ಗ್ರಾಂ ದಾಟಿರಬೇಕು, 40 ಆದರೆ ಇನ್ನೂ ಒಳ್ಳೆಯದು. ಎರಡೂ ಕೂಡಿ ಬರಬೇಕು. ಚೆನ್ನಾಗಿ ತಿಂದು ಒಂದು ವರ್ಷಕ್ಕೇ 35 ಗ್ರಾಂ ಮುಟ್ಟಿದ ಹೆಣ್ಣಿನ ಎಲುಬು ಇನ್ನೂ ಎಳೆಯದಾಗಿರುತ್ತದೆ; ಎರಡು ವರ್ಷವಾಗಿಯೂ 28ರಲ್ಲಿ ನಿಂತವಳಿಗೆ ಒಳಗೆಲ್ಲೋ ಕೊರತೆಯಿದೆ. ಇದರಲ್ಲಿ ಒಂದು ಸೂಕ್ಷ್ಮವೂ ಉಂಟು. ಇದೇ ಅಳತೆಯನ್ನು ಬೇರೆ ಜಾತಿಗೆ ಒಯ್ಯುವಂತಿಲ್ಲ. ಭಾರತದ ಮನೆಗಳಲ್ಲೂ ಕಾಣುವ ಲೆಪರ್ಡ್ ಗೆಕೊ ಎಂಬ ಚುಕ್ಕೆಯ ಹಲ್ಲಿ ಗಾತ್ರದಲ್ಲಿ ದೊಡ್ಡದು, ಅದರ ಹೆಣ್ಣಿಗೆ 45–50 ಗ್ರಾಂ ಬೇಕೆನ್ನುತ್ತಾರೆ. ಅದು ಕೊಬ್ಬನ್ನು ಬಾಲದಲ್ಲಿ ಕೂಡಿಡುವುದರಿಂದ ಬಾಲದ ದಪ್ಪವೇ ಆರೋಗ್ಯದ ಕನ್ನಡಿ. ರೆಪ್ಪೆಹಲ್ಲಿಗೆ ಆ ಕನ್ನಡಿಯಿಲ್ಲ. ಬಾಲ ಒಮ್ಮೆ ಉದುರಿದರೆ ಮತ್ತೆ ಬೆಳೆಯುವುದೂ ಇಲ್ಲ.

ನಮ್ಮ ಅಡುಗೆಮನೆಯ ತಕ್ಕಡಿ ಒಂದೊಂದೇ ಗ್ರಾಂ ತೋರಿಸುತ್ತಿತ್ತು. ಇಷ್ಟು ಚಿಕ್ಕ ಜೀವಕ್ಕೆ ಅದು ಸಾಲದೆಂದು ಬಂಗಾರದಂಗಡಿಯಲ್ಲಿರುವಂಥ ಪುಟ್ಟ ತಕ್ಕಡಿಯನ್ನು ತಂದೆವು. ಪ್ರತಿ ಭಾನುವಾರ ಸಂಜೆ, ಊಟ ಕೊಡುವ ಮುನ್ನ, ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂರಿಸಿ ತೂಗಿ ಮಗಳ ಹಳೆಯ ಗಣಿತದ ವಹಿಯಲ್ಲಿ ಬರೆದೆವು. 2023ರ ಆಗಸ್ಟಿನಲ್ಲಿ, ಒಂದು ವರ್ಷ ತುಂಬಿದಾಗ, ಬೆಲ್ಲ 23 ಗ್ರಾಂ. 2024ರ ಫೆಬ್ರವರಿಯಲ್ಲಿ, ಹದಿನೆಂಟನೆಯ ತಿಂಗಳಲ್ಲಿ, 33. ಮೇ ತಿಂಗಳಲ್ಲಿ 37. ವಾರದ ಅಂಕಿ ಹೆಚ್ಚೇನೂ ಹೇಳುವುದಿಲ್ಲ. ಹೊಟ್ಟೆ ತುಂಬಿದ್ದರೆ ಒಂದು ಗ್ರಾಂ ಹೆಚ್ಚು, ಪೊರೆ ಕಳಚುವ ವಾರ ಉಪವಾಸವಿದ್ದರೆ ಒಂದು ಗ್ರಾಂ ಕಡಿಮೆ. ಆರು ತಿಂಗಳ ಅಂಕಿಗಳನ್ನು ಸಾಲಾಗಿ ನೋಡಿದಾಗ ಮಾತ್ರ ಅವುಗಳಿಗೆ ಬಾಯಿ ಬರುತ್ತದೆ.

ತೂಕಕ್ಕಿಂತ ನಮ್ಮನ್ನು ಬೆರಗುಗೊಳಿಸಿದ ಸಾಕ್ಷಿ ಸುಣ್ಣದ್ದು. ರೆಪ್ಪೆಹಲ್ಲಿಯ ಬಾಯಿಯ ಮೇಲಂಗುಳದಲ್ಲಿ, ಹಿಂಬದಿಯ ಎರಡೂ ಪಕ್ಕಗಳಲ್ಲಿ, ಸಣ್ಣ ಬಿಳಿ ಚೀಲಗಳಿವೆ. ಆಹಾರದಿಂದ ಬಂದ ಸುಣ್ಣದಂಶ ಅಲ್ಲಿ ಸಂಗ್ರಹವಾಗುತ್ತದೆ. ಮೊಟ್ಟೆ ಕಟ್ಟುವಾಗ ಅಲ್ಲಿಂದ ಖರ್ಚಾಗುತ್ತದೆ. ಅವ್ವನ ಎಲೆಯಡಿಕೆಯ ಚಂಚಿಯಲ್ಲಿ ಸುಣ್ಣದ ಡಬ್ಬಿಗೆ ಬೇರೆಯೇ ಅರೆಯಿರುವಂತೆ ಇದು. ಚೀಲ ತುಂಬಿದ್ದರೆ ಅಂಗುಳದಲ್ಲಿ ಅಕ್ಕಿಕಾಳಿನಂತೆ ಬೆಳ್ಳಗೆ ಕಾಣುತ್ತದೆ. ಬರಿದಾಗಿದ್ದರೆ ಆ ಜಾಗ ಕೆಂಪು ಮಾಂಸದೊಂದಿಗೆ ಬೆರೆತುಹೋಗಿರುತ್ತದೆ. ಬರಿದಾದ ಮೇಲೂ ಮೊಟ್ಟೆ ಕಟ್ಟುತ್ತಿದ್ದರೆ ದೇಹ ಎಲುಬಿಗೆ ಕೈಹಾಕುತ್ತದೆ. ಕಾಲು ನಡುಗುತ್ತದೆ, ದವಡೆ ಮೆತ್ತಗಾಗುತ್ತದೆ, ಬೆನ್ನು ಬಾಲ ಸೊಟ್ಟಗಾಗುತ್ತವೆ. ಬಾಯಿ ತೆರೆಸಿ ನೋಡುವ ಕೆಲಸವನ್ನು ನಾವು ಮಾಡಲಿಲ್ಲ, ಒತ್ತಾಯಿಸಿದರೆ ಎಳೆಯ ದವಡೆಗೆ ಪೆಟ್ಟಾಗಬಹುದು. ಸರೀಸೃಪಗಳನ್ನು ಬಲ್ಲ ಪಶುವೈದ್ಯರು ಫೆಬ್ರವರಿಯಲ್ಲಿ ನೋಡಿ ಅರ್ಧ ತುಂಬಿದೆಯೆಂದರು. ಹಣ್ಣಿನ ಪುಡಿಯ ಆಹಾರದ ಜೊತೆ, ವಾರಕ್ಕೆರಡು ಸಲ ಕೊಡುವ ಚಿಮ್ಮಂಡೆ ಹುಳುಗಳಿಗೆ ಸುಣ್ಣದ ಪುಡಿಯನ್ನೂ, ಅದು ಮೈಗೂಡಲು ಬೇಕಾದ ಡಿ3 ಜೀವಸತ್ವವನ್ನೂ ಅವರು ಹೇಳಿದ ಅಳತೆಯಲ್ಲಿ ಲೇಪಿಸಿ ಕೊಟ್ಟೆವು. ಅತಿಯಾದರೆ ಅದೂ ಕೇಡೆಂದು ಅವರು ಎಚ್ಚರಿಸಿದ್ದರು.

ಆ ಫೆಬ್ರವರಿಯಲ್ಲಿ ಆಸೆ ಬಲವಾಗಿಯೇ ಇತ್ತು. ಹದಿನೆಂಟು ತಿಂಗಳು ತುಂಬಿತ್ತು. ತೂಕ 33, ಎರಡೇ ಗ್ರಾಂ ಕಡಿಮೆ. ಇಷ್ಟಕ್ಕೆ ಯಾಕೆ ಕಾಯುತ್ತೀರಿ ಎಂದು ಹಲ್ಲಿ ಸಾಕುವ ಪರಿಚಿತರೊಬ್ಬರು ಕೇಳಿದರು. ಅದೇ ತಿಂಗಳು ಇನ್ನೊಂದು ಮನೆಯಿಂದ ಸುದ್ದಿ ಬಂತು. ಅಲ್ಲಿ 26 ಗ್ರಾಂನ ಹೆಣ್ಣು ಗಂಡಿನೊಂದಿಗೆ ಒಂದೇ ಪೆಟ್ಟಿಗೆಯಲ್ಲಿತ್ತು. ಎರಡು ರಾತ್ರಿ ಮಣ್ಣು ಕೆದರಿತು, ಮೊಟ್ಟೆ ಬರಲಿಲ್ಲ. ಮೂರನೆಯ ದಿನ ಕಣ್ಣು ಗುಳಿಬಿದ್ದು ಕೈಗೆ ಹತ್ತದಷ್ಟು ನಿತ್ರಾಣವಾಯಿತು. ವೈದ್ಯರ ಬಳಿ ಒಯ್ದು ಕ್ಷಕಿರಣದಲ್ಲಿ ನೋಡಿದಾಗ ಎರಡು ಮೊಟ್ಟೆಗಳು ಅಡ್ಡಲಾಗಿ ನಿಂತಿದ್ದವು. ಸುಣ್ಣದ ಚುಚ್ಚುಮದ್ದು ಕೊಟ್ಟರು. ಶಸ್ತ್ರಚಿಕಿತ್ಸೆಗೆ ತಾಳುವ ಬಲ ಆ ದೇಹದಲ್ಲಿರಲಿಲ್ಲ. ಮೊಟ್ಟೆ ಸಿಕ್ಕಿಕೊಳ್ಳುವುದು ಪೂರ್ಣ ಬೆಳೆದ ಹೆಣ್ಣಿಗೂ ಆಗಬಹುದು, ಮಣ್ಣು ಒಣಗಿದ್ದರೂ ಆಗಬಹುದು. ಆದರೆ ಎಳೆಯ ಮೈಯಲ್ಲಿ ದಾರಿಯೇ ಕಿರಿದು, ತಳ್ಳುವ ಸ್ನಾಯುವಿಗೆ ಬೇಕಾದ ಸುಣ್ಣವೂ ಕಡಿಮೆ. ಆ ಎರಡು ಗ್ರಾಂ ಎಂದರೇನೆಂದು ಆ ಮನೆಯ ಸುದ್ದಿ ಹೇಳಿತು. ಪರಿಚಿತರ ಪ್ರಶ್ನೆಗೆ ನಾವು ಬೇರೆ ಉತ್ತರ ಕೊಡಬೇಕಾಗಿ ಬರಲಿಲ್ಲ.

ಕಾಯಲು ಇನ್ನೊಂದು ಕಾರಣವಿತ್ತು. ಅದು ಈ ಊರಿನದು. ರೆಪ್ಪೆಹಲ್ಲಿಗೆ 22ರಿಂದ 26 ಡಿಗ್ರಿಯ ತಂಪು ಬೇಕು. 28 ದಾಟಿದರೆ ಅದಕ್ಕೆ ಸಂಕಟ. ಪುಣೆಯಲ್ಲಿ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ 38, 40 ಡಿಗ್ರಿ ಸಾಮಾನ್ಯ. ಬಸ್ ನಿಲ್ದಾಣದ ಡಾಂಬರು, ಜೇಧೆ ಚೌಕದ ಮೇಲ್ಸೇತುವೆ, ಸಾತಾರಾ ರಸ್ತೆಯ ವಾಹನಗಳು, ಇವೆಲ್ಲ ಹೀರಿಕೊಂಡ ಕಾವು ರಾತ್ರಿ ಹನ್ನೊಂದರವರೆಗೂ ನಮ್ಮ ಕಿಟಕಿಗೆ ಬಡಿಯುತ್ತದೆ. ಬೇಸಿಗೆಯಲ್ಲಿ ಆ ಕೋಣೆಯನ್ನು ತಂಪಾಗಿಡುವುದೇ ನಮ್ಮ ಮನೆಯ ದೊಡ್ಡ ಕಾಯಕ. ವಿದ್ಯುತ್ ಹೋದರೆ ಒದ್ದೆ ಬಟ್ಟೆ, ಮಂಜುಗಡ್ಡೆಯ ಬಾಟಲಿ. ಫೆಬ್ರವರಿಯಲ್ಲಿ ಜೋಡಿ ಮಾಡಿದರೆ ಮೊದಲ ಮೊಟ್ಟೆಗಳು ಮಾರ್ಚ್ ಕೊನೆಗೆ ಬರುತ್ತವೆ. ಮುಂದಿನವು ಸರಿಯಾಗಿ ಸುಡುಬಿಸಿಲಿಗೆ. ಬಸುರಿನ ಭಾರವನ್ನೂ ಬಿಸಿಲಿನ ಭಾರವನ್ನೂ ಒಂದೇ ಮೈಮೇಲೆ ಹೇರುವುದು ನಮಗೆ ಒಪ್ಪಿಗೆಯಾಗಲಿಲ್ಲ.

ಈ ಲೆಕ್ಕದ ಹಿಂದೆ ಇನ್ನೂ ಒಂದು ಸಂಗತಿಯಿದೆ. ಒಮ್ಮೆ ಕೂಡಿದ ಹೆಣ್ಣು ಗಂಡಿನ ವೀರ್ಯವನ್ನು ತನ್ನೊಳಗೆ ತಿಂಗಳುಗಟ್ಟಲೆ ಕಾಪಿಡಬಲ್ಲಳು. ಗಂಡನ್ನು ಮರುದಿನವೇ ಬೇರ್ಪಡಿಸಿದರೂ ಅವಳು 30–45 ದಿನಕ್ಕೊಮ್ಮೆ ಎರಡೆರಡು ಮೊಟ್ಟೆ ಇಡುತ್ತಾ ಹೋಗುತ್ತಾಳೆ. ಹೀಗೆ ಎಂಟು ಹತ್ತು ತಿಂಗಳು ನಡೆಯಬಹುದು. ತಂಪಿನ ಕಾಲ ಬಂದಾಗ ಮಾತ್ರ ದೇಹ ಇನ್ನು ಸಾಕೆನ್ನುತ್ತದೆ. ತವರಿನ ಕಾಡಿನಲ್ಲಿ ಋತು ಬದಲಾಗುತ್ತದೆ, ಹಣ್ಣು ಮುಗಿಯುತ್ತದೆ, ಗಂಡು ಕಾಡಿದರೆ ಹೆಣ್ಣು ಬೇರೆ ಮರಕ್ಕೆ ಹಾರುತ್ತಾಳೆ. ನಮ್ಮ ಮನೆಯ ಗೋಡೆಯಲ್ಲಿ, ದೇವರ ಪಟದ ಹಿಂದೆ ಮೊಟ್ಟೆಯಿಡುವ ಸಾಮಾನ್ಯ ಹಲ್ಲಿಗೂ ಆ ಸ್ವಾತಂತ್ರ್ಯವಿದೆ. ಅದು ಸಿದ್ಧವೇ ಎಂದು ಯಾರೂ ಕೇಳಬೇಕಾಗಿಲ್ಲ. ಗಾಜಿನ ಪೆಟ್ಟಿಗೆಯಲ್ಲಿರುವವಳಿಗೆ ಬೇರೆ ಮರವಿಲ್ಲ, ಹಣ್ಣು ಮುಗಿಯುವುದಿಲ್ಲ, ದೀಪ ಪ್ರತಿದಿನ ಒಂದೇ ಹೊತ್ತಿಗೆ ಹತ್ತುತ್ತದೆ. ಕಾಡಿನಲ್ಲಿ ಬೇಡವೆನ್ನುತ್ತಿದ್ದ ಎಲ್ಲವನ್ನೂ ನಾವು ಅವಳಿಂದ ತೆಗೆದುಕೊಂಡಿದ್ದೇವೆ. ಆದ್ದರಿಂದ ಬೇಡವೆನ್ನುವ ಕೆಲಸ ನಮ್ಮ ಪಾಲಿಗೆ ಬಂದಿದೆ. ಸುರಕ್ಷಿತ ಸಂತಾನವೆಂಬುದರ ತಿರುಳು ನಮಗೆ ಇಲ್ಲಿ ಕಂಡಿತು.

ಮೇ ತಿಂಗಳಲ್ಲಿ ಬೆಲ್ಲ ತಾನಾಗಿಯೇ ಎರಡು ಮೊಟ್ಟೆಯಿಟ್ಟಳು. ಗಂಡಿನ ಸಂಗವಿಲ್ಲದೆ ಬಂದ ಜೊಳ್ಳು ಮೊಟ್ಟೆಗಳು. ಹಳದಿ ಬಣ್ಣ, ಒತ್ತಿದರೆ ತಗ್ಗುವ ಮೆತ್ತನೆಯ ಸಿಪ್ಪೆ. ಹೆಣ್ಣನ್ನು ಒಂಟಿಯಾಗಿಟ್ಟವರಿಗೂ ಇದು ಬರಬಹುದಾದ್ದರಿಂದ ತೆಂಗಿನ ನಾರಿನ ಪುಡಿಯನ್ನು ಒದ್ದೆ ಮಾಡಿ ತುಂಬಿದ ಡಬ್ಬಿಯನ್ನು ಆಗಲೇ ಇಟ್ಟಿದ್ದೆವು. ಯಾವ ತೊಂದರೆಯೂ ಇಲ್ಲದೆ ಇಟ್ಟಳು, ಎರಡೇ ವಾರದಲ್ಲಿ ಮೊದಲಿನ ತೂಕಕ್ಕೆ ಮರಳಿದಳು. ದಾರಿ ತೆರೆದಿದೆ, ಮೈ ಚೇತರಿಸಿಕೊಳ್ಳಬಲ್ಲದು ಎಂಬ ಎರಡು ಭರವಸೆಗಳನ್ನು ಆ ಜೊಳ್ಳು ಮೊಟ್ಟೆಗಳು ಕೊಟ್ಟವು.

ಇಷ್ಟಾದರೂ ಎರಡು ವಿಚಾರಣೆಗಳು ಉಳಿದಿದ್ದವು. ಮೊದಲನೆಯದು ಕುಲದ್ದು. ಇಬ್ಬರೂ ಒಂದೇ ತಾಯಿಯ ಮಕ್ಕಳಾಗಿದ್ದರೆ ಮಾತು ಅಲ್ಲಿಗೇ ಮುಗಿಯಬೇಕು. ಮಾರಿದವರು ಬೇರೆ ಬೇರೆ ಜೋಡಿಯ ಮರಿಗಳೆಂದು ಬಾಯಿಮಾತಿನಲ್ಲಿ ಹೇಳಿದರು. ಹೆಣ್ಣೆಂದು ಗಂಡನ್ನು ಕೊಟ್ಟವರ ಬಾಯಿಮಾತು ನಮಗೆ ಸಾಲಲಿಲ್ಲ. ಆದ್ದರಿಂದ ಹುಣಸೆಯನ್ನು ಬಿಟ್ಟು, ತಂದೆತಾಯಿಯ ದಾಖಲೆಯಿದ್ದ ಬೇರೊಂದು ಗಂಡನ್ನು ಪರಿಚಿತರಿಂದ ಎರವಲು ತಂದೆವು. ತಂದವನನ್ನು ಎರಡು ತಿಂಗಳು ಬೇರೆ ಕೋಣೆಯಲ್ಲಿಟ್ಟು, ಅವನ ಹಿಕ್ಕೆಯನ್ನು ಎರಡು ಸಲ ಪರೀಕ್ಷೆಗೆ ಕಳಿಸಿ, ಕರುಳಿನ ರೋಗಾಣುಗಳಿಲ್ಲವೆಂದು ತಿಳಿದ ಮೇಲೆಯೇ ಮುಂದಿನ ಮಾತು. ಕುಲ ನೋಡುವುದೆಂದರೆ ಬಣ್ಣ ನೋಡುವುದಲ್ಲ. ಲೆಪರ್ಡ್ ಗೆಕೊಗಳಲ್ಲಿ ‘ಲೆಮನ್ ಫ್ರಾಸ್ಟ್’ ಎಂಬ ಬೆಳ್ಳನೆಯ ಹೊಳಪಿನ ತಳಿಗೆ ಬಹಳ ಬೇಡಿಕೆಯಿತ್ತು. ಆ ಹೊಳಪನ್ನು ಕೊಡುವ ಬಣ್ಣದ ಕೋಶಗಳೇ ಬಹುಪಾಲು ಹಲ್ಲಿಗಳ ಚರ್ಮದಲ್ಲಿ ಗೆಡ್ಡೆಗಳಾಗುತ್ತವೆಂದು 2021ರಲ್ಲಿ ಕ್ಯಾಲಿಫೋರ್ನಿಯಾದ ವಿಜ್ಞಾನಿಗಳು ಪ್ರಕಟಿಸಿದರು. ಚಂದದ ಆಸೆಗೆ ರೋಗವನ್ನೇ ಬಿತ್ತಿದ ಕತೆಯಿದು. ಜೋಡಿಯ ಪಾಲಿಗೆ ಆರೋಗ್ಯವಿಲ್ಲದ ಕುಲವೂ ಸಿದ್ಧವಿಲ್ಲದ ಮೈಯೇ.

ಎರಡನೆಯ ವಿಚಾರಣೆ ಮನೆಯದು. ರೆಪ್ಪೆಹಲ್ಲಿ ಸರಿಯಾಗಿ ಸಾಕಿದರೆ 15ರಿಂದ 20 ವರ್ಷ ಬಾಳುತ್ತದೆ. ನಾಲ್ಕು ಮರಿಗಳೆಂದರೆ ನಾಲ್ಕು ಪೆಟ್ಟಿಗೆ, ನಾಲ್ಕು ಕಡೆ ಬೇಸಿಗೆಯ ತಂಪು, ಅರವತ್ತು ಎಂಬತ್ತು ವರ್ಷಗಳ ಒಟ್ಟು ಹೊಣೆ. ಕಾನೂನನ್ನೂ ನೋಡಬೇಕಾಯಿತು. ಸಹ್ಯಾದ್ರಿಯ ಬಂಡೆಗಳ ಸಂದಿನ ಕಾಡುಹಲ್ಲಿಗಳನ್ನು ಹಿಡಿದು ತರುವ ಮಾತಂತೂ ಇಲ್ಲ. ವಿದೇಶಿ ಜೀವಿಗಳ ವಿಷಯದಲ್ಲಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದದ ಪಟ್ಟಿಗಳಲ್ಲಿರುವ ಜೀವಿಗಳಿಗೆ ಅದರಲ್ಲಿ ಪ್ರತ್ಯೇಕ ಅನುಸೂಚಿಯಿದೆ. ಅಂಥವನ್ನು ಇಟ್ಟುಕೊಂಡವರು ಇರುವಿಕೆಯನ್ನಷ್ಟೇ ಅಲ್ಲದೆ ಜನನ ಮರಣಗಳನ್ನೂ ಸರ್ಕಾರಕ್ಕೆ ತಿಳಿಸಬೇಕು. ನಮ್ಮ ಜಾತಿಯ ಹೆಸರು ಅದರಲ್ಲಿರಲಿಲ್ಲವಾದರೂ ಪಟ್ಟಿಯನ್ನು ಓದಿಯೇ ಮುಂದುವರಿದೆವು. ಮರಿಗಳನ್ನು ಒಪ್ಪಿಕೊಳ್ಳುವ ಮನೆಗಳನ್ನು ಮೊದಲೇ ಗೊತ್ತುಮಾಡಿದೆವು: ಒಂದು ಎರವಲು ಕೊಟ್ಟವರದು, ಇನ್ನೆರಡು ವೈದ್ಯರು ಬಲ್ಲ ಮನೆಗಳು. ಮೂರು ಹೌದು ಸಿಗುವವರೆಗೆ ಒಂದು ಮೊಟ್ಟೆಯೂ ಬೇಡವೆಂಬುದು ನಮ್ಮ ಕಟ್ಟಳೆಯಾಗಿತ್ತು.

2024ರ ಜುಲೈ. ಮಳೆ ಹಿಡಿದು ಕೋಣೆ 25 ಡಿಗ್ರಿಗೆ ಇಳಿದಿತ್ತು. ಬೆಲ್ಲಕ್ಕೆ 23 ತಿಂಗಳು, ತೂಕ 40 ಗ್ರಾಂ. ವೈದ್ಯರು ಸುಣ್ಣದ ಚೀಲಗಳು ತುಂಬಿವೆ ಎಂದರು. ಜುಲೈಯಲ್ಲಿ ಜೋಡಿ ಮಾಡಿದರೆ ಆಗಸ್ಟಿನಿಂದ ಮೊಟ್ಟೆ, ನವೆಂಬರ್ ಕೊನೆಗೆ ಪುಣೆಯ ಚಳಿ. ಮೂರು ಸಲದ ಮೊಟ್ಟೆಗೆ ಋತುವೇ ಕಡಿವಾಣ ಹಾಕುವಂತೆ ಈ ತಿಂಗಳನ್ನು ಆರಿಸಿದ್ದೆವು. ಗಂಡನ್ನು ಅವಳ ಪೆಟ್ಟಿಗೆಗೆ ಬಿಡದೆ ಇಬ್ಬರನ್ನೂ ಹೊಸ ಪೆಟ್ಟಿಗೆಗೆ ಬಿಟ್ಟೆವು. ಅವನು ಕತ್ತು ಕಚ್ಚಿ ಹಿಡಿಯುವುದು ಸಹಜ, ಗಾಯ ಮಾಡಿದರೆ ತೆಗೆಯಬೇಕು. ಅವಳು ಬಾಲ ಬಡಿದು ಓಡಿ ಅಡಗುತ್ತಲೇ ಇದ್ದರೆ ಅದೂ ಉತ್ತರವೇ, ಆಗಲೂ ತೆಗೆಯಬೇಕು. ಅಂಥದ್ದೇನೂ ಆಗಲಿಲ್ಲ. ನಾಲ್ಕನೆಯ ದಿನ ಬೇರ್ಪಡಿಸಿ ಎರವಲನ್ನು ಹಿಂದಿರುಗಿಸಿದೆವು.

ಆಗಸ್ಟ್ ನಡುವೆ, ಸೆಪ್ಟೆಂಬರ್ ಕೊನೆಗೆ, ನವೆಂಬರ್ ಆರಂಭಕ್ಕೆ, ಹೀಗೆ ಮೂರು ಸಲ ಎರಡೆರಡು. ಎರಡನೆಯ ಸಲದ ಮೊಟ್ಟೆಗಳನ್ನು ಎತ್ತಿಟ್ಟ ವಾರವೇ, ಸೆಪ್ಟೆಂಬರ್ 29ರಂದು, ನಮ್ಮ ನೆಲದಡಿಯ ಮೆಟ್ರೊ ನಿಲ್ದಾಣ ಉದ್ಘಾಟನೆಯಾಯಿತು. ಹೊರಗಿನ ಸಡಗರದ ಕಂಪನ ಮೊಟ್ಟೆಗೆ ತಾಗೀತೇ ಎಂದು ಮಗಳು ಆತಂಕಪಟ್ಟಳು. ಹಕ್ಕಿಯ ಮೊಟ್ಟೆಯಂತೆ ಇವನ್ನು ಹೊರಳಿಸಬಾರದು. ಇಟ್ಟಾಗ ಯಾವ ಬದಿ ಮೇಲಿತ್ತೋ ಅಲ್ಲಿ ಪೆನ್ಸಿಲಿನ ಚುಕ್ಕೆಯಿಟ್ಟು ಹಾಗೆಯೇ ಒದ್ದೆ ನಾರಿನಲ್ಲಿ ಕೂರಿಸಬೇಕು. ಕತ್ತಲೆಯಲ್ಲಿ ಸಣ್ಣ ದೀಪ ಹಿಡಿದರೆ ಜೀವವಿರುವ ಮೊಟ್ಟೆಯಲ್ಲಿ ಕೆಂಪು ಎಳೆಗಳು ಕಾಣುತ್ತವೆ. ಆರರಲ್ಲಿ ಎರಡು ಜೊಳ್ಳು. ಉಳಿದ ನಾಲ್ಕು 24 ಡಿಗ್ರಿಯ ಕಪಾಟಿನಲ್ಲಿ ಎಂಬತ್ತು ತೊಂಬತ್ತು ದಿನ ತೆಗೆದುಕೊಂಡು ಒಡೆದವು. ಎರಡು ಗ್ರಾಂ ತೂಗದ ಮರಿಗಳು, ಹುಟ್ಟಿದ ದಿನವೇ ಪೊರೆ ಕಳಚಿ ತಿಂದವು. ಅವ್ವ ಕನ್ನಡಕ ಹಾಕಿಕೊಂಡು ನೋಡಿ, “ಇಷ್ಟ ಸಣ್ಣದಕ್ಕ ಇಷ್ಟ ದೊಡ್ಡ ಕಣ್ಣೇನು” ಎಂದರು.

ಮರಿಗಳ ಸಂಭ್ರಮದ ನಡುವೆಯೂ ವಹಿಯ ಪುಟ ಬೇರೊಂದನ್ನು ಹೇಳುತ್ತಿತ್ತು. ಮೊದಲ ಮೊಟ್ಟೆಗಳ ನಂತರ ಬೆಲ್ಲ 38 ಗ್ರಾಂ, ಎರಡನೆಯ ಸಲದ ನಂತರ 36, ಮೂರನೆಯ ಸಲದ ನಂತರ 34. ಎಲ್ಲವನ್ನೂ ಕಾದು, ಅಳೆದು, ಕೊಟ್ಟು ಮಾಡಿದರೂ ಮೈ ಆರು ಗ್ರಾಂ ತೆತ್ತಿತ್ತು. ಅವಳ ಒಟ್ಟು ತೂಕದ ಏಳನೆಯ ಒಂದು ಪಾಲು ಅದು. 26 ಗ್ರಾಂನ ಮೈಯಲ್ಲಿ ಇಷ್ಟನ್ನು ಎಲ್ಲಿಂದ ಕಿತ್ತುಕೊಡಬೇಕಿತ್ತೆಂದು ಆಗ ಪೂರ್ತಿಯಾಗಿ ಅರ್ಥವಾಯಿತು. ಡಿಸೆಂಬರಿನಲ್ಲಿ ದೀಪದ ಹೊತ್ತನ್ನು ಕಡಿಮೆ ಮಾಡಿ, ಕಿಟಕಿಯ ತಂಪಿಗೆ ಕೋಣೆಯನ್ನು 19–20 ಡಿಗ್ರಿಗೆ ಬಿಟ್ಟು ಮೂರು ತಿಂಗಳು ವಿಶ್ರಾಂತಿ ಕೊಟ್ಟೆವು. ಮೊಟ್ಟೆ ನಿಂತಿತು. ಮರಿಗಳಲ್ಲಿ ಮೂರು ಗೊತ್ತುಮಾಡಿದ ಮನೆಗಳಿಗೆ ಹೋದವು, ಒಂದು ನಮ್ಮಲ್ಲೇ ಉಳಿಯಿತು.

ಸಿದ್ಧತೆಯೆಂಬುದು ಒಮ್ಮೆ ದಾಟಿದರೆ ಮುಗಿಯುವ ಹೊಸ್ತಿಲೆಂದು ತಿಳಿಯುವುದು ಸುಲಭ. ಒಂದು ಸಲ ಸುರಕ್ಷಿತವಾಗಿ ಮೊಟ್ಟೆಯಿಟ್ಟವಳು ಮರುವರ್ಷವೂ ಸಿದ್ಧಳೇ ಇರುತ್ತಾಳೆಂದು ಕೇಳಿದವರು ಹೇಳುತ್ತಾರೆ. ಆದರೆ ಸುಣ್ಣದ ಡಬ್ಬಿ ಖರ್ಚಾದಷ್ಟು ತುಂಬಬೇಕು, ತೂಕ ಮರಳಬೇಕು, ಬೇಸಿಗೆ ದಾಟಬೇಕು, ಮರಿಗಳಿಗೆ ಮತ್ತೆ ಮನೆ ಸಿಗಬೇಕು. ಪ್ರತಿ ಸಲವೂ ಎಲ್ಲ ಪ್ರಶ್ನೆಗಳನ್ನೂ ಮೊದಲಿನಿಂದ ಕೇಳಬೇಕು, ಒಂದಕ್ಕೆ ಇಲ್ಲವೆಂಬ ಉತ್ತರ ಬಂದರೂ ಉಳಿದವಕ್ಕೆ ಬೆಲೆಯಿಲ್ಲ. ಮರುವರ್ಷದ ಜುಲೈಯಲ್ಲಿ ಬೆಲ್ಲ 39 ಗ್ರಾಂ ಇದ್ದಳು, ಚೀಲಗಳು ತುಂಬಿದ್ದವು, ಮಳೆಯೂ ಬಂದಿತ್ತು. ಮನೆ ಒಂದೇ ಸಿಕ್ಕಿತು. ಮಗಳೇ ವಹಿಯಲ್ಲಿ ಆ ತಿಂಗಳ ತೂಕದ ಮುಂದೆ ‘ಈ ವರ್ಷ ಇಲ್ಲ’ ಎಂದು ಬರೆದು, ಬೆಲ್ಲಕ್ಕೆ ಊಟ ಕಲಸಲು ಎದ್ದಳು.